ಹನ್ನೊಂದರವರೆಗೆ

ಸೆಪ್ಟೆಂಬರಿನಲ್ಲಿ ನನ್ನ ಬಳಿ ದಪ್ಪ ಪುಸ್ತಕವೊಂದಿತ್ತು,
ನಿಮಿಷ ನಿಮಿಷದ ಪಾಠ, ಮೂರು ಬಣ್ಣದ ಶಾಯಿಯಲ್ಲಿ.
ನಾರಿನ್ ನದಿ ದಡದ ಈ ಶಾಲೆಯ ಇಪ್ಪತ್ತಾರು ಮಕ್ಕಳು
ಮೊದಲ ವಾರವೇ ಅದನ್ನು ತಿಂದು ಮುಗಿಸಿದರು.

ಹದಿಮೂರರಲ್ಲಿ ಏಳು ಹೋದರೆ?
ಕೇಳಿದ ಬಾಯಿ ಮುಚ್ಚುವ ಮೊದಲೇ ನಾನೇ ಉತ್ತರ.
ತರಗತಿಯ ಮೌನವೆಂದರೆ ನನಗೆ ಉಕ್ಕುವ ಹಾಲು,
ಓಡಿಹೋಗಿ ಇಳಿಸಬೇಕು.

ಹಿಂದಿನ ಬೆಂಚಿನಲ್ಲಿ ಕೂತು ನೋಡಿದರು ಸಾಕಿನ್ ಎಜೆ.
ಎಜೆ ಅಂದರೆ ಅಕ್ಕ; ಮಕ್ಕಳಿಗೆ ಈಗ ನಾನೂ ಎಜೆಯೇ.
ಕೋಟು ಹಾಕಿಕೊಳ್ಳುತ್ತ ಅಂದದ್ದು ಇಷ್ಟು:
"ಉತ್ತರ ಚೆನ್ನಾಗಿ ಹೇಳ್ತೀಯ.
ನಾಳೆ ಕೇಳಿದ ಮೇಲೆ ಮನಸ್ಸಲ್ಲೇ ಏಳರವರೆಗೆ ಎಣಿಸು."

ಏಳು ಎಷ್ಟು ಉದ್ದ!
ಕಲ್ಲಿದ್ದಲ ಒಲೆ ಕೆಮ್ಮಿತು.
ಯಾರದೋ ಬೂಟಿನ ಹಿಮ ಕರಗಿ ನೆಲದ ಹಲಗೆಗಿಳಿಯಿತು.
ಮುಂದಿನ ಸಾಲಿನಲ್ಲಿ ಎದ್ದವು ಕೈಗಳು, ಅವೇ ಐದು.
ಕಿಟಕಿ ಪಕ್ಕದ ತಿಲೆಕ್
ಜೇಬಿನಿಂದ ತೆಗೆದ ಕುರಿಯ ಗಿಣ್ಣಿನ ಮೂಳೆಗಳನ್ನು.
ಆಟದ ಮೂಳೆ ತರಗತಿಗೆ ತರಕೂಡದು,
ಗೋಡೆಯ ಮೇಲೆ ನನ್ನದೇ ಅಕ್ಷರ.

ಎಂಟು. ಒಂಬತ್ತು. ನಾಲಿಗೆ ಕಚ್ಚಿಕೊಂಡೆ. ಹತ್ತು.
ಹತ್ತರ ರಾಶಿಯಿಂದ ಏಳನ್ನು ಆಚೆ ಸರಿಸಿದ,
ಉಳಿದ ಮೂರನ್ನು ಬದಿಯ ಮೂರಕ್ಕೆ ಕೂಡಿಸಿದ.
"ಆರು, ಎಜೆ."

ನಾನು ಕಲಿಸಿದ ದಾರಿಯಲ್ಲ ಅದು.
ನನ್ನದಕ್ಕಿಂತ ಹತ್ತಿರದ್ದು.

ಸಂಜೆ ಗೋಡೆಯ ಆ ಸಾಲು ಕಿತ್ತೆ.
ಪುಸ್ತಕದಲ್ಲಿ ಬರೆದೆ, ಇದ್ದ ಒಂದೇ ಶಾಯಿಯಲ್ಲಿ:
ಸೋಮವಾರ ಎಲ್ಲರೂ ಇಪ್ಪತ್ತು ಮೂಳೆ ತರುವುದು.
ಮೀರಿಮ್ ಮನೆಯಲ್ಲಿ ಕುರಿಯಿಲ್ಲವಲ್ಲ,
ಅವಳು?
ಪೆನ್ನು ಅಲ್ಲೇ ನಿಂತಿದೆ,
ನಾನು ಎಣಿಸುತ್ತಿದ್ದೇನೆ.