ಹಾವಿನ ಗುಳಿಗೆ

ತಿಂಗಳ ಮೊದಲ ಮಂಗಳವಾರ ನನ್ನ ಸೈಕಲ್ಲು
ರಿಬೇರಾ ಹೊಳೆಯ ಈ ದಡದ ಹನ್ನೊಂದು ಮನೆಗೆ.
ಚೀಲದಲ್ಲಿ ಬಿ.ಪಿ. ಪಟ್ಟಿ, ಸರ್ಕಾರದ ಹಾಳೆ, ತೂಕದ ಯಂತ್ರ.
ಯಂತ್ರ ಎರಡು ಕಿಲೋ ಸುಳ್ಳು ಹೇಳುತ್ತದೆ,
ಕಡಿಮೆ ಹೇಳುವುದರಿಂದ ಯಾರದೂ ತಕರಾರಿಲ್ಲ.

ದೋನಾ ದುರ್ವಲೀನಾ ತೋಳು ಚಾಚುವ ಮೊದಲು
ಡಬ್ಬಿಯ ಮೇಲೊಂದು ಬಟ್ಟೆ ಎಳೆಯುತ್ತಾಳೆ.
ತಗಡಿನ ಡಬ್ಬಿ, ಬೆಳ್ಳಗೆ ಹೆಪ್ಪುಗಟ್ಟಿದ ಹಂದಿಕೊಬ್ಬು,
ಅದರ ಹೊಟ್ಟೆಯಲ್ಲಿ ಜೂನ್ ತಿಂಗಳ ಹುರಿದ ಮಾಂಸ.
ಫ್ರಿಜ್ಜು ಬರುವ ಮುಂಚೆ ನನ್ನನ್ನೂ ಸಾಕಿದ್ದು ಇಂಥದೇ ಡಬ್ಬಿ.
ಆದರೂ ಓದುತ್ತೇನೆ:
ಕೊಬ್ಬು ಕಡಿಮೆ, ಉಪ್ಪು ಕಡಿಮೆ, ಸೋಯಾ ಎಣ್ಣೆ ಎರಡು ಚಮಚ.
"ಸೋಯಾಗೆ ಹೆಸರಿಟ್ಟು ಸಾಕಿದವರಿದ್ದಾರೇನೇ?" ಅನ್ನುತ್ತಾಳೆ.
ನೂರ ಎಪ್ಪತ್ತು, ನೂರು. ಬರೆದುಕೊಳ್ಳುತ್ತೇನೆ.

ಅವಳಪ್ಪ ತಿಬೂರ್ಸಿಯೊ ಬಾಳೆತೋಟದ ಕೂಲಿ.
ಗೊನೆಯ ಕೆಳಗೆ ಜರರಾಕಾ ಹಾವು,
ಮೀನಖಂಡಕ್ಕೆ ಒಂದೇ ಸಲ.
ಬಾವು ಏರುವ ಮೊದಲೇ ಆಳು ಕುಸಿದ,
ನೀರು ಬಸಿದುಹೋದ ಚೀಲ.
ಒಂಬತ್ತರ ಹುಡುಗಿ ಅಪ್ಪನ ಮಣಿಕಟ್ಟು ಒತ್ತಿ ಒತ್ತಿ
ಹುಡುಕುತ್ತಲೇ ಇದ್ದಳಂತೆ, ದೊಡ್ಡವರು ಬಿಡಿಸುವ ತನಕ.

ಆ ಹಾವಿನ ವಿಷದಿಂದಲೇ ಗುಟ್ಟು ಕಲಿತು
ಈ ಗುಳಿಗೆ ಮಾಡಿದರಂತೆ:
ನಾಳ ಹಿಂಡುವ ಕೈಯನ್ನು ತಡೆದು ನಿಲ್ಲಿಸುವ ಕೈ.
ತರಬೇತಿಯಲ್ಲಿ ಕೇಳಿದ್ದನ್ನು ಜಂಬಕ್ಕೆ ಹೇಳಿಬಿಟ್ಟೆ.
ಹೇಳಬಾರದಿತ್ತು.
ಅಂಗೈಯಲ್ಲಿ ಹೊರಳಿಸಿದಳು, ಹಲ್ಲು ಯಾವ ಕಡೆಗೆಂದು ನೋಡುವವಳಂತೆ.
"ನಮ್ಮ ಮನೆಗೆ ಸಾಲ ಇತ್ತು ಅದರದು" ಅಂದಳು.
ನುಂಗಿದಳು.

ಅಂದಿನಿಂದ ಒಂದು ಹೊತ್ತೂ ತಪ್ಪಿಲ್ಲ.
ಆಗಸ್ಟಿಗೆ ನೂರ ಮೂವತ್ತೆಂಟು. ಜೊತೆಗೆ ಕೆಮ್ಮು.
ಕಫವಿಲ್ಲದ ಕೆಮ್ಮು, ರಾತ್ರಿಯಿಡೀ
ಗಂಟಲಲ್ಲಿ ತರಗೆಲೆಯ ಮೇಲೆ ಏನೋ ಹರಿದಂತೆ.
ಗುಳಿಗೆಯದೇ ಕಾಟ, ಡಾಕ್ಟರು ಬೇರೆ ಕೊಡುತ್ತಾರೆ,
ಹಾವೂ ಹೋಗುತ್ತದೆ, ಕೋಲೂ ಉಳಿಯುತ್ತದೆ ಅಂದೆ.
"ಇರಲಿ, ಇನ್ನೂ ಸಾಲ ತೀರಿಲ್ಲ."

ಬಟ್ಟೆ ಸರಿಸಿದಳು. ಕೊಬ್ಬಿನಿಂದ ಒಂದು ತುಂಡು ತೆಗೆದು,
ಕಾಯಿಸಿ, ಸೊಪ್ಪಿನ ಜೊತೆ ನನ್ನ ಮುಂದಿಟ್ಟಳು.
ತಿಂದೆ. ಹಾಳೆ ಚೀಲದಲ್ಲೇ ಇತ್ತು.

ಆಮೇಲೆ ಪಟ್ಟಿಯನ್ನು ನನ್ನ ತೋಳಿಗೆ ಸುತ್ತಿ,
ಯಂತ್ರವನ್ನು ನಂಬದೆ,
ನನ್ನ ಮಣಿಕಟ್ಟು ಹಿಡಿದು ಕೂತಳು ಬಹಳ ಹೊತ್ತು,
ಕೆಮ್ಮನ್ನು ತಡೆದುಕೊಂಡು.
"ಇದೆ" ಅಂದಳು.

ಅಂಕಿ ಎಷ್ಟು ಬಂತೆಂದು ನಾನು ನೋಡಲಿಲ್ಲ.