ನೀಲಿ ಚುಕ್ಕೆ

ಶಾರ್ಜಾದ ಹದಿಮೂರನೇ ಇಂಡಸ್ಟ್ರಿಯಲ್ ಏರಿಯಾ.
ತಗಡಿನ ಸೂರಿನ ಕೆಳಗೆ ಎಂಬತ್ತು ಟನ್ನಿನ ಪ್ರೆಸ್ಸು
ಧಡ್ ಎಂದರೆ ಒಂದು ಸ್ವಿಚ್‌ಬಾಕ್ಸಿನ ಮುಚ್ಚಳ.
ಧಡ್. ಇನ್ನೊಂದು.
ನಿಮಿಷಕ್ಕೆ ನಲವತ್ತು, ಎದೆಬಡಿತಕ್ಕಿಂತ ನಿಧಾನ;
ಆದರೂ ಮಧ್ಯಾಹ್ನದ ಹೊತ್ತಿಗೆ
ಎದೆಯೇ ಅದರ ಲೆಕ್ಕಕ್ಕೆ ಬಂದಿರುತ್ತದೆ.

ಹತ್ತು ಮಾರು ದೂರದಲ್ಲಿ ಉದ್ದ ಮೇಜು, ಆರು ಸ್ಟೂಲು.
ಬೆಳಗಿನಿಂದ ಅಂಚಿಗೆ ಹೆಬ್ಬೆರಳು ಸವರುವವರು ನಾವು.
ನಯವಿದ್ದರೆ ಒಳಮೈಗೆ ಮಾರ್ಕರಿನ ಒಂದು ಚುಕ್ಕೆ:
ನನ್ನದು ಹಸಿರು, ಕೊಮಿಲ್ಲಾದ ಇಲಿಯಾಸನದು ನೀಲಿ.
ಮುಳ್ಳು ತಾಗಿದರೆ ಕೆಂಪು ಡಬ್ಬಿ.
ಸಂಜೆಗೆ ಡಬ್ಬಿ ತುಳುಕಿದರೆ ಬೈಗುಳ ನಮಗೇ,
ಹಾಲು ಒಡೆದದ್ದು ಲೋಟದ ತಪ್ಪು ಅನ್ನುವ ಹಾಗೆ.

ಹುಬ್ಬಳ್ಳಿಯ ಗೋಕುಲ ರೋಡಿನಲ್ಲಿ
ನನಗೆ ಕೆಲಸ ಕಲಿಸಿದ ಮೇಸ್ತ್ರಿ ಫಕ್ಕೀರಪ್ಪ
ಬೀಡಿ ಕಚ್ಚಿಕೊಂಡೇ ಹೇಳುತ್ತಿದ್ದ:
"ತಮ್ಮಾ, ಮಾಲ್ ನೋಡಬ್ಯಾಡ, ಹತ್ಯಾರ ನೋಡು."

ರಂಜಾನಿನ ಒಂದು ಸುಸ್ತಿನ ಮಧ್ಯಾಹ್ನ ಅದು ನೆನಪಾಯಿತು.
ಪ್ರೆಸ್ಸಿನ ಕಂಬಕ್ಕೆ ತಂತಿ ಬಿಗಿದು
ಐನೂರಕ್ಕೊಂದರಂತೆ ಮುಚ್ಚಳ ಪೋಣಿಸುತ್ತ ಹೋದೆ.
ಎರಡನೇ ದಿನ, ಕಣ್ಣು ಮುಚ್ಚಿ,
ತಂತಿಯುದ್ದಕ್ಕೂ ಬೆರಳಾಡಿಸಿದೆ:
ಹತ್ತು ಸಾವಿರ, ನಯ.
ಹದಿನೈದು, ನಯ.
ಹದಿನೇಳೂವರೆ, ಬೆಕ್ಕಿನ ನಾಲಿಗೆ.
ಹದಿನೆಂಟು ಸಾವಿರ, ರಕ್ತ.

ಮೊಂಡಾಗುತ್ತಿದ್ದದ್ದು ಪಂಚು. ಮುಚ್ಚಳಕ್ಕೇನು ಗೊತ್ತು.

ಸಿಯಾಲ್‌ಕೋಟಿನ ಡೈಮೇಕರ್ ವಾರಿಸ್ ಸಾಹೇಬರು
ತಂತಿ ನೋಡಿದರು, ನನ್ನ ಬೆರಳು ನೋಡಿದರು,
ಮರುದಿನದಿಂದ ಹದಿನೇಳು ಸಾವಿರಕ್ಕೆ ಸರಿಯಾಗಿ
ಪಂಚು ಬಿಚ್ಚಿ ಸಾಣೆ ಹಿಡಿಯತೊಡಗಿದರು.
ಕೆಂಪು ಡಬ್ಬಿಗೆ ಈಗ ಚಹಾದ ಕಪ್ಪು ಎಸೆಯುತ್ತಾರೆ.
ನನಗೆ ಇನ್ನೂರು ದಿರ್ಹಮ್, ಒಂದು ಸರ್ಟಿಫಿಕೇಟು,
ಮ್ಯಾನೇಜರ್ ಹೆಗಲ ಮೇಲೆ ಕೈಯಿಟ್ಟ ಫೋಟೋ.
ಎಲ್ಲವನ್ನೂ ಮುಟ್ಟಿ ನೋಡುವ ಕೆಲಸ ಉಳಿಯಲಿಲ್ಲ.
ಆರು ಸ್ಟೂಲು ಎರಡಾದವು.

ಇಬ್ಬರು ಪ್ಯಾಕಿಂಗಿಗೆ, ಒಬ್ಬ ಅಜ್ಮಾನಿಗೆ,
ಇಲಿಯಾಸ ಊರಿಗೆ.
ಹೊರಡುವಾಗ ಅವನು ಬೈಯಲಿಲ್ಲ.
ಮಾರ್ಕರನ್ನು ನನ್ನ ಮುಂದಿಟ್ಟು
"ಶಾಯಿ ಇನ್ನೂ ಇದೆ, ಭಾಯ್" ಅಂದ.

ನಾನು ಮಾಡಿದ್ದು ಲೆಕ್ಕಕ್ಕೆ ಸರಿ.
ಲೆಕ್ಕದ ಹಾಳೆಗೆ ಮುಳ್ಳಿಲ್ಲ, ಎಷ್ಟು ಸವರಿದರೂ.

ಮೊನ್ನೆ ರಾತ್ರಿ ಕ್ಯಾಂಪಿನ ಕೋಣೆಯಲ್ಲಿ ಫ್ಯಾನು ನಿಂತಿತು.
ಫ್ಯೂಸು ತೆಗೆದು, ಸ್ಟೂಲು ಹತ್ತಿ,
ಸ್ವಿಚ್ಚಿನ ಮುಚ್ಚಳ ಬಿಚ್ಚಿದೆ. ನಮ್ಮದೇ ಮಾಲು, ಹಳೆಯದು.
ಟಾರ್ಚು ಬಿಟ್ಟರೆ ಒಳಮೈಯ ಧೂಳಿನಲ್ಲಿ
ಒಂದು ನೀಲಿ ಚುಕ್ಕೆ.
ಅಂಚು ಸವರಿದೆ.
ಹದಿಮೂರು ಸಾವಿರದ ಆಸುಪಾಸಿನದಿರಬೇಕು.

"ಏನಾಯ್ತು?" ಮೇಲಿನ ಮಂಚದಿಂದ ಹೊಸ ಹುಡುಗ.
"ಏನಿಲ್ಲ. ಪಾಸಾಗಿದೆ."

ಸುಟ್ಟ ವೈರು ಕತ್ತರಿಸಿ, ಜೋಡಿಸಿ, ಟೇಪು ಸುತ್ತಿದೆ.
ಇಂಥ ಮುಚ್ಚಳವನ್ನು ತಿರುವಿ ಹಾಕಲು ಬರುವುದಿಲ್ಲ.
ನಾಲ್ಕು ಸ್ಕ್ರೂ ಬಿಗಿದೆ,
ಚುಕ್ಕೆ ಗೋಡೆಯ ಕಡೆಗೆ.