ಹೆಸರು ಹಿಡಿದು

ಸುಂಟಿಕೊಪ್ಪದ ಕ್ಯೂರಿಂಗ್ ವರ್ಕ್ಸಿನಲ್ಲಿ ರಾತ್ರಿ ಪಾಳಿ.
ತೂಕದ ಸ್ಕ್ರಿಪ್ಟಿಗೆ ಹುಚ್ಚು ಹಿಡಿದಿದೆ:
ಬೆಳೆಗಾರರಿಗೆಲ್ಲ ಅದೇ ಮೆಸೇಜು, ಮೂರು ಮೂರು ಸಲ.
ಗರಗಂದೂರಿನಿಂದ ಒಬ್ಬರು ಫೋನಿನಲ್ಲಿ:
"ನಲವತ್ತೆರಡು ಚೀಲ ಅಂತ ಎಷ್ಟು ಸಲ ಹೇಳ್ತೀರಮ್ಮ,
ಹೇಳಿದಷ್ಟಕ್ಕೂ ದುಡ್ಡು ಕೊಡ್ತೀರಾ?"

ನಂಬರು ಗೊತ್ತಿಲ್ಲ, ಹೆಸರು ಗೊತ್ತು.
ಪಿ-ಕಿಲ್ ತೂಕ, ಎಂದೆ.
ಮರುಮಾತಿಲ್ಲ. ಫೋನು ಮತ್ತೆ ಬಡಿದುಕೊಂಡಿತು.
ಪಟ್ಟಿ ತೆಗೆದು ನೋಡಿದರೆ
ಸಾಲಿಗೆ ಸಾಲು ಪೈಥಾನ್, ಪೈಥಾನ್, ಪೈಥಾನ್.
ತೂಕವೂ ಪೈಥಾನ್, ಡ್ರೈಯರಿನ ಶಾಖ ಕಾಯುವುದೂ ಪೈಥಾನ್,
ಗೇಟಿನ ಲೆಕ್ಕ ಬರೆಯುವುದೂ.
ದುಡಿಯುವುದು ಇವು; ಹೆಸರು ಕರೆತಂದವನದು.

ಆಫೀಸಿನ ಬೀರುವಿನಲ್ಲಿ
ಗೆದ್ದಲು ತಿಂದುಳಿದ ಮಸ್ಟರ್ ಪುಸ್ತಕ ಒಂದಿದೆ.
ಐತ ಮೇಸ್ತ್ರಿ, ಆಳು ಹನ್ನೊಂದು.
ಅಷ್ಟೇ. ಘಟ್ಟ ಹತ್ತಿ ಬಂದ ಆ ಹನ್ನೊಂದರಲ್ಲಿ
ನನ್ನಜ್ಜಿ ಎಷ್ಟನೆಯವಳೋ.
ದೊರೆ ಐತನ ಹೆಸರಿನ ಮೇಲೆ ಗೀಟು ಎಳೆದ ದಿನ
ಲೈನಿನಲ್ಲಿ ಹನ್ನೆರಡು ಒಲೆ ಆರಿದವು.

ಹೋದ ಡಿಸೆಂಬರಿನಲ್ಲಿ ನಾನೂ ಎಳೆದಿದ್ದೆ ಆ ಗೀಟು:
ಕಿಲ್-ಆಲ್ ಪೈಥಾನ್.
ತೂಕ ನಿಂತಿತು. ಡ್ರೈಯರಿನ ಕಾವಲೂ ನಿಂತಿತು.
ಬೆಳಿಗ್ಗೆ ಸೂಪರ್‌ವೈಸರ್ ಬೆಳ್ಯಪ್ಪ
ಒಂದು ಮಾತೂ ಆಡದೆ, ಸೀದ ಬೀಜ ಒಂದು ಮುಷ್ಟಿ
ನನ್ನ ಕೀಬೋರ್ಡಿನ ಮೇಲೆ ಸುರಿದು ಹೋದರು.
ಎಂಟರ್ ಕೀಲಿಯ ಅಡಿಯಲ್ಲಿ ಒಂದು ಚೂರು
ಈಗಲೂ ಕಿರುಗುಟ್ಟುತ್ತದೆ.

ಕಣದಲ್ಲಿ ಕಾಫಿ ಕೆದಕುವಾಗ ತುಕ್ರಾ ಎಂದರೆ
ಮೂವರು ತಿರುಗುತ್ತಿದ್ದರಂತೆ;
ಶುಕ್ರವಾರ ಹುಟ್ಟಿದವರಿಗೇನು ಬರ?
ಅಜ್ಜಿ ಮಾತ್ರ ಉದ್ದಕ್ಕೆ ಕೂಗುವಳು:
"ಓ, ಕೊನೇ ಲೈನಿನ, ಮೆಳ್ಳೆಗಣ್ಣಿನ,
ಅಂಗಾರೆಯ ಮಗ ತುಕ್ರಾ!"
ಒಬ್ಬನೇ ತಿರುಗುತ್ತಿದ್ದ.
ಡ್ಯಾಶ್ ಎಫ್ ಎಂದರೆ ಅದೇ. ಇಡೀ ಸಾಲು ಓದಿ ಕರೆಯುವುದು.

ಮೊದಲು ಪಿ-ಗ್ರೆಪ್: ಕರೆದರೆ ಯಾರು ಯಾರು ತಿರುಗುತ್ತೀರಿ?
ಮೂರು ತೂಕ.
ನಾಲ್ಕನೆಯದು, ಅದೇ ಫೈಲು ತಿದ್ದಲೆಂದು
ನಾನೇ ತೆರೆದಿಟ್ಟು ಮರೆತ ಎಡಿಟರ್.
ಅದರ ಸಾಲಿನಲ್ಲೂ ಇತ್ತು ಆ ಹೆಸರು.
ಉಳಿಸಿ ಮುಚ್ಚಿದೆ.

ಒಂಬತ್ತು ಹಾಕಲಿಲ್ಲ.
ಸಾಕು, ಎಂದೆ; ಕೈಯಲ್ಲಿದ್ದ ಚೀಲ
ತೂಗಿ, ಬರೆದು, ಹೋಗಲಿ.
ಹೋದವು, ಒಂದರ ಹಿಂದೆ ಒಂದು.
ಗರಗಂದೂರು ನಿದ್ದೆ ಹೋಯಿತು.
ಡ್ರೈಯರ್ ನಲವತ್ತನಾಲ್ಕು ಡಿಗ್ರಿ ಎಂದು
ಕಾವಲಿನವನು ಬರೆದುಕೊಂಡ.

ಅಜ್ಜಿಯ ಹೆಸರು ಚನಿಯಾರು.
ಆ ಹನ್ನೊಂದರಲ್ಲಿ
ಇಬ್ಬರಿದ್ದರಂತೆ ಆ ಹೆಸರಿನವರು.